ಕರೇಲಿಯಾದಲ್ಲಿ ಆದದ್ದೇನು? ಒಂದು ದಾಳದ ಕಾಳಗದ ಪ್ರಕರಣ ಅಧ್ಯಯನ

ಆರು ದಾಳಗಳು ಅಡಿಕೆ ಹಾಳೆಯ ತಟ್ಟೆಯಲ್ಲಿ ಉರುಳಿ ನಿಂತವು. ಮೂರು, ಐದು, ಎರಡು, ಆರು, ಐದು, ನಾಲ್ಕು. ಇದರಲ್ಲಿ ಒಂದು ಅನ್ನುವ ಅಂಕ ಬಿದ್ದರೆ ಮಾತ್ರ ಏಟು. ಯಾವುದೂ ಬೀಳಲಿಲ್ಲ. ಮುಂದೆ ನಾಲ್ಕು ದಾಳ. ಒಂದು ಅಥವಾ ಎರಡು ಬರಬೇಕು. ಆರು, ಎರಡು, ಮೂರು, ಐದು. ಒಂದು ಏಟು. ಕೊನೆಗೆ ಟ್ಯಾಂಕು, ವಿಮಾನಗಳ ಆರು ದಾಳ. ಮೂರರ ಒಳಗೆ ಬಂದರೆ ಸಾಕು. ನಾಲ್ಕು, ಆರು, ನಾಲ್ಕು, ಒಂದು, ಐದು, ಐದು. ಇನ್ನೊಂದು ಏಟು.

ಭಾವ ಎಸೆದ ಹದಿನಾರು ದಾಳಕ್ಕೆ ಎರಡೇ ಏಟು. ಎದುರು ಕೂತ ಮಾಷ್ಟ್ರು ಹನ್ನೆರಡು ದಾಳ ಎಸೆದರು. ಏಳು ಏಟು ಬಿತ್ತು. ಭಾವ ತಟ್ಟೆಯನ್ನೇ ನೋಡುತ್ತಾ ಕೂತರು. ಅಕ್ಕ ಮೆಲ್ಲಗೆ ಹೇಳಿದಳು: "ಸಾಕು, ಹಿಂದೆ ಬನ್ನಿ." ಭಾವ ಕೇಳಲಿಲ್ಲ. "ಇನ್ನೊಂದು ಸಲ. ಇಷ್ಟು ಕೆಟ್ಟದ್ದು ಬಿದ್ದ ಮೇಲೆ ಈಗ ಒಳ್ಳೆಯದು ಬೀಳಲೇಬೇಕಲ್ಲ" ಅಂದರು.

ಮುಂದಿನ ಕಾಲು ಗಂಟೆಯಲ್ಲಿ ಜರ್ಮನಿಯ ಪೂರ್ವದ ಸೈನ್ಯ ಪೂರ್ತಿ ಹೋಯಿತು. ಮೂರು ಭಾನುವಾರದಿಂದ ಹಲಗೆಯ ಮೇಲೆ ನಡೆಯುತ್ತಿದ್ದ ಯುದ್ಧದ ಆಟ ಅಲ್ಲಿಗೇ ನಿಂತಿತು. "ಇದು ಯುದ್ಧ ಅಲ್ಲ, ಜುಗಾರಿ" ಅಂತ ಭಾವ ಎದ್ದು ತೋಟದ ಕಡೆ ಹೋದರು. ಎರಡು ವಾರ ಹಲಗೆಯ ಹತ್ತಿರ ಬರಲಿಲ್ಲ.

ಹಲಗೆಯಲ್ಲಿ ರಷ್ಯಾದ ಜಾಗವಾದ ಕರೇಲಿಯಾಕ್ಕಾಗಿ ನಡೆದ ಆ ಒಂದು ಕಾಳಗವನ್ನು ನಾನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ದೊಡ್ಡ ಯುದ್ಧದ ಆಟ ಆಡುವ ಯಾವ ಮನೆಯಲ್ಲೂ ಈ ಜಗಳ ಬರುತ್ತದೆ. ದಾಳ ಬೇಕೋ ಬೇಡವೋ? ಅದೃಷ್ಟ ಎಷ್ಟಿರಬೇಕು? ನಮ್ಮಲ್ಲಿ ಈ ಪ್ರಶ್ನೆಗೆ ಸಿಕ್ಕಿದ ಉತ್ತರ, ನಾನು ಮೊದಲು ಅಂದುಕೊಂಡ ಉತ್ತರ ಆಗಿರಲಿಲ್ಲ.

ಆಟ, ಮನೆ, ಜನ

ಜಾಗ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಕ್ಕನ ಮನೆ. ಜುಲೈ ತಿಂಗಳು. ಮಳೆ ಹಿಡಿದರೆ ಮೂರು ದಿನ ಬಿಡದ ಕಾಲ. ತೋಟಕ್ಕೆ ಇಳಿಯುವ ಹಾಗಿಲ್ಲ, ಕರೆಂಟು ಯಾವಾಗ ಹೋಗುತ್ತದೋ ಹೇಳುವ ಹಾಗಿಲ್ಲ. ಭಾವನ ತಮ್ಮ ಶಾರ್ಜಾದಿಂದ ಬರುವಾಗ ಒಂದು ದೊಡ್ಡ ಪೆಟ್ಟಿಗೆ ತಂದಿದ್ದರು. ಆಕ್ಸಿಸ್ ಅಂಡ್ ಅಲೈಸ್. ಲ್ಯಾರಿ ಹ್ಯಾರಿಸ್ ಮಾಡಿದ ಆಟ. 1981ರಲ್ಲಿ ಮೊದಲು ಬಂತು. 1984ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿ ಹೊರತಂದ ಮೇಲೆ ಹೆಸರು ಮಾಡಿತು. ನಮ್ಮದು 1942 ಅನ್ನುವ ಆವೃತ್ತಿಯ ಎರಡನೇ ರೂಪ. ಎರಡನೇ ಮಹಾಯುದ್ಧದ ಐದು ದೇಶ, ಐದು ಜನ. ಭಾವ ಜರ್ಮನಿ, ಅಕ್ಕ ಜಪಾನ್. ಎದುರು ಬದಿಯಲ್ಲಿ ರಷ್ಯಾ ಮಾಷ್ಟ್ರದ್ದು, ಬ್ರಿಟನ್ ನನ್ನದು, ಅಮೆರಿಕ ಪ್ಲಸ್ ಟು ಓದುವ ಅಕ್ಕನ ಮಗಳದ್ದು. ಮಾಷ್ಟ್ರು ಅಂದರೆ ಕನ್ನಡ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಲೆಕ್ಕ, ಮಾತು ಎರಡರಲ್ಲೂ ಅವರನ್ನು ಸೋಲಿಸುವುದು ಕಷ್ಟ.

ನಾವು ಚಾವಡಿಯಲ್ಲಿ ಆಡುವುದು. ಮಳೆಗಾಲದ ಥಂಡಿಗೆ ಹಲಗೆಯ ಮೂಲೆ ಎದ್ದು ನಿಂತಿದೆ. ನಾಲ್ಕು ಮೂಲೆಗೂ ಒಂದೊಂದು ಗೋಟಡಿಕೆ ಇಟ್ಟಿದ್ದೇವೆ. ದಾಳ ಉರುಳಿ ಕಾಯಿಗಳನ್ನು ಬೀಳಿಸಬಾರದು ಅಂತ ಹಾಳೆಯ ತಟ್ಟೆ. ಮೊದಲ ದಿನದಿಂದ ಬಿದ್ದ ಪ್ರತಿ ದಾಳವನ್ನೂ ನಾನು ಒಂದು ಹಳೆಯ ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದೆ. ಸುಮ್ನೆ ಒಂದು ಅಭ್ಯಾಸ. ಆ ಪುಸ್ತಕ ಇಲ್ಲದಿದ್ದರೆ ಈ ಬರಹವೂ ಇಲ್ಲ.

ಆಟ ಗೊತ್ತಿಲ್ಲದವರಿಗೆ ಕಾಳಗದ ನಿಯಮ ಹೇಳಿಬಿಡುತ್ತೇನೆ. ಪ್ರತಿ ಕಾಯಿಗೂ ಎರಡು ಅಂಕ, ದಾಳಿ ಮಾಡುವಾಗ ಒಂದು, ತಡೆಯುವಾಗ ಒಂದು. ಇನ್ಫೆಂಟ್ರಿಗೆ ನಮ್ಮ ಬಾಯಲ್ಲಿ ಬರುವುದು 'ಆಳು' ಅಂತ. ಆಳಿಗೆ ದಾಳಿ 1, ತಡೆ 2. ಫಿರಂಗಿಗೆ ಎರಡೂ 2. ಫಿರಂಗಿ ಜೊತೆಗೆ ಹೋದ ಆಳಿಗೆ ದಾಳಿಯೂ 2 ಆಗುತ್ತದೆ, ಒಂದು ಫಿರಂಗಿಗೆ ಒಂದು ಆಳು. ಟ್ಯಾಂಕಿಗೆ ಎರಡೂ 3. ಫೈಟರ್ ವಿಮಾನಕ್ಕೆ ದಾಳಿ 3, ತಡೆ 4. ಪ್ರತಿ ಕಾಯಿಗೂ ಒಂದು ದಾಳ. ಅದರ ಅಂಕ ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಏಟು. ಎರಡೂ ಬದಿಯವರು ಎಸೆದ ಮೇಲೆ ಎಷ್ಟು ಏಟು ತಿಂದರೋ ಅಷ್ಟು ಕಾಯಿ ತೆಗೆಯಬೇಕು. ಯಾವುದನ್ನು ತೆಗೆಯುವುದು ಅಂತ ಆಯಾ ಬದಿಯವರೇ ತೀರ್ಮಾನಿಸುತ್ತಾರೆ. ಎಲ್ಲರೂ ಮೊದಲು ಕೊಡುವುದು ಆಳನ್ನೇ. ಅದು ಅಗ್ಗ, 3 ಐಪಿಸಿ. ಐಪಿಸಿ ಅಂದರೆ ಆಟದ ದುಡ್ಡು. ಫಿರಂಗಿಗೆ 4, ಟ್ಯಾಂಕಿಗೆ 6, ಫೈಟರಿಗೆ 10.

ಒಂದು ಸುತ್ತು ಮುಗಿದ ಮೇಲೆ ದಾಳಿ ಮಾಡುವವರಿಗೆ ಒಂದು ಅವಕಾಶ ಉಂಟು. ಮುಂದುವರಿಸಬಹುದು, ಇಲ್ಲ ಹಿಂದೆ ಸರಿಯಬಹುದು. ತಡೆಯುವವರಿಗೆ ಆ ಅವಕಾಶ ಇಲ್ಲ. ಈ ನಿಯಮವನ್ನು ಎಲ್ಲರೂ ಓದಿರುತ್ತಾರೆ, ಆದರೆ ಬಳಸುವವರು ಕಡಿಮೆ. ನಮ್ಮ ಪ್ರಕರಣದ ತಿರುಳು ಇಲ್ಲೇ ಇದೆ.

ಪುಸ್ತಕ ಹೇಳಿದ್ದು

ಭಾವ ಕರೇಲಿಯಾಕ್ಕೆ ಪಕ್ಕದ ಜಾಗವಾದ ಬಾಲ್ಟಿಕ್‌ನಿಂದ ನುಗ್ಗಿದ್ದು 8 ಆಳು, 2 ಫಿರಂಗಿ, 4 ಟ್ಯಾಂಕ್, 2 ಫೈಟರ್ ಹಿಡಿದುಕೊಂಡು. ಮಾಷ್ಟ್ರ ಬಳಿ ಇದ್ದದ್ದು 9 ಆಳು, ಒಂದು ಫಿರಂಗಿ, ಒಂದು ಟ್ಯಾಂಕ್, ಒಂದು ಫೈಟರ್. ಭಾವನ ದಾಳಿಯ ಅಂಕ ಒಟ್ಟು 32. ಮಾಷ್ಟ್ರ ತಡೆಯ ಅಂಕ 27. ಒಟ್ಟು ಅಂಕವನ್ನು ಆರರಿಂದ ಭಾಗಿಸಿದರೆ ಸರಾಸರಿ ಏಟು ಸಿಗುತ್ತದೆ. ಭಾವನಿಗೆ 5.3, ಮಾಷ್ಟ್ರಿಗೆ 4.5.

ಈ ದಾಳಿ ತಪ್ಪಾಗಿತ್ತಾ? ಇಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಆ ದಿನ ನಾವೆಲ್ಲ ಭಾವನಿಗೆ "ಹೋಗಲೇಬಾರದಿತ್ತು" ಅಂದೆವು. ಅದು ಅನ್ಯಾಯ. ಸರಾಸರಿ ಲೆಕ್ಕದಲ್ಲಿ ನಡೆದಿದ್ದರೆ ಮೂರನೇ ಸುತ್ತಿಗೆ ರಷ್ಯಾ ಖಾಲಿ ಆಗಿ ಜರ್ಮನಿಯ ಏಳೆಂಟು ಕಾಯಿ ಉಳಿಯಬೇಕಿತ್ತು. ಕಾರ್ಖಾನೆ ಸಮೇತ ಕರೇಲಿಯಾ ಸಿಗುತ್ತಿತ್ತು. ಆ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ.

ಮೊದಲ ಸುತ್ತು ಎಷ್ಟು ಕೆಟ್ಟದ್ದು? ಅದನ್ನು ಕೂತು ಲೆಕ್ಕ ಹಾಕಿದೆ. ಆ ಹದಿನಾರು ದಾಳದಲ್ಲಿ ಎರಡು ಅಥವಾ ಅದಕ್ಕಿಂತ ಕಡಿಮೆ ಏಟು ಬೀಳುವ ಸಾಧ್ಯತೆ ಸುಮಾರು ಶೇ 5, ಅಂದರೆ ಇಪ್ಪತ್ತರಲ್ಲಿ ಒಂದು ಸಲ. ಮಾಷ್ಟ್ರಿಗೆ ಏಳು ಅಥವಾ ಜಾಸ್ತಿ ಬೀಳುವುದು ಶೇ 11. ಎರಡೂ ಒಟ್ಟಿಗೆ ಬರುವುದು ಸುಮಾರು 175ಕ್ಕೆ ಒಂದು ಸಲ. ಭಾವನ ಸಿಟ್ಟಿಗೆ ಕಾರಣ ಇತ್ತು. ಅದು ನಿಜಕ್ಕೂ ಅಪರೂಪದ ಸುತ್ತು.

ಆದರೆ ಇದನ್ನೂ ನೋಡಿ. ನಮ್ಮ ಒಂದು ಆಟದಲ್ಲಿ ಸಣ್ಣದು, ದೊಡ್ಡದು ಸೇರಿ ನಲವತ್ತರ ಹತ್ತಿರ ಕಾಳಗ ಆಗುತ್ತದೆ. ಇಪ್ಪತ್ತಕ್ಕೆ ಒಂದು ಸಲ ಬರುವಷ್ಟು ಕೆಟ್ಟ ಎಸೆತ ನಲವತ್ತು ಕಾಳಗದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ 87. ಅಂದರೆ ಅದು ಯಾರದ್ದಾದರೂ ತಲೆ ಮೇಲೆ ಬಿದ್ದೇ ಬೀಳುತ್ತದೆ. ಬಿದ್ದಾಗ ಎಂತ ಮಾಡುವುದು ಅಂತ ಯೋಚಿಸಿ ಇಟ್ಟುಕೊಳ್ಳದಿದ್ದರೆ ಆ ಹೊತ್ತಿಗೆ ತಲೆ ಓಡುವುದಿಲ್ಲ.

ಈಗ ಮೊದಲ ಸುತ್ತಿನ ನಂತರದ ಸ್ಥಿತಿ. ಭಾವ ಏಳು ಆಳು ಕೊಟ್ಟರು. ಉಳಿದದ್ದು 1 ಆಳು, 2 ಫಿರಂಗಿ, 4 ಟ್ಯಾಂಕ್, 2 ಫೈಟರ್. ಒಂಬತ್ತು ಕಾಯಿ, ಅಂಕ 24. ಮಾಷ್ಟ್ರು ಎರಡು ಆಳು ಕೊಟ್ಟರು. ಅವರ ಬಳಿ ಹತ್ತು ಕಾಯಿ, ಅಂಕ 23. ನೋಡುವಾಗ ಸರಿಸಮ ಅನ್ನಿಸುತ್ತದೆ ಅಲ್ವಾ? ಆದರೆ ಭಾವನ ಹತ್ತಿರ ಅಗ್ಗದ ಆಳುಗಳು ಮುಗಿದಿದ್ದವು. ಇನ್ನು ಪ್ರತಿ ಏಟಿಗೂ ಬೆಲೆಬಾಳುವ ಕಾಯಿ ಹೋಗಬೇಕು, ಅದರ ಜೊತೆಗೆ ಅಂಕವೂ ಬೇಗ ಇಳಿಯಬೇಕು. ಇಲ್ಲಿಂದ ಎರಡೂ ಕಡೆ ಸರಾಸರಿ ದಾಳವೇ ಬಿದ್ದರೂ ಕೊನೆಗೆ ಉಳಿಯುವುದು ರಷ್ಯಾದ ಒಂದೆರಡು ಕಾಯಿ. ನಾನು ಮೂರು ಸಲ ಲೆಕ್ಕ ಹಾಕಿ ನೋಡಿದೆ. ಪಣದಲ್ಲಿ ಇದ್ದದ್ದು ಭಾವನ 55 ಐಪಿಸಿ, ಮಾಷ್ಟ್ರ 41.

ಮುಂದೆ ನಡೆದದ್ದು ಪುಸ್ತಕದಲ್ಲಿ ಹೀಗಿದೆ. ಎರಡನೇ ಸುತ್ತಿನಲ್ಲಿ ಭಾವನಿಗೆ ಸರಾಸರಿ 4 ಬರಬೇಕು, ಬಿದ್ದದ್ದು 3. ಮಾಷ್ಟ್ರಿಗೆ 3.8, ಬಿದ್ದದ್ದು 4. ಮೂರನೇ ಸುತ್ತಿನಲ್ಲಿ ಭಾವನಿಗೆ 2.5, ಬಿದ್ದದ್ದು 2. ಮಾಷ್ಟ್ರಿಗೆ 2.8, ಬಿದ್ದದ್ದು 3. ನಾಲ್ಕನೇ ಸುತ್ತಿಗೆ ಭಾವನ ಬಳಿ ಎರಡು ವಿಮಾನ ಮಾತ್ರ ಇತ್ತು. ಐದು ಕಾಯಿಗಳ ಎದುರು ಅವನ್ನೂ ಇಳಿಸಿದರು. ಅವರಿಗೆ 1 ಬರಬೇಕು, 1 ಬಿತ್ತು. ಮಾಷ್ಟ್ರಿಗೆ 2.2, ಬಿದ್ದದ್ದು 2. ಮುಗಿಯಿತು.

ಈ ಅಂಕಿಗಳನ್ನು ನೋಡಿ ನಾನು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ಕೂತೆ. "ಇಡೀ ಕಾಳಗದಲ್ಲಿ ದಾಳ ನನ್ನ ವಿರುದ್ಧ ಇತ್ತು" ಅಂತ ಭಾವ ಹೇಳಿದ್ದರು. ನನಗೂ ಹಾಗೆಯೇ ನೆನಪಿತ್ತು. ಅಲ್ಲ. ಕೆಟ್ಟದ್ದು ಮೊದಲ ಸುತ್ತು ಒಂದೇ. ಆಮೇಲಿನ ಮೂರು ಸುತ್ತಿನಲ್ಲಿ ದಾಳ ಹೆಚ್ಚುಕಡಿಮೆ ಸರಾಸರಿಗೇ ಬಿದ್ದಿದೆ. ಮೊದಲ ಸುತ್ತಿನಲ್ಲಿ ಹೋದದ್ದು ಏಳು ಆಳು, 21 ಐಪಿಸಿ. ಆಮೇಲೆ ಹೋದದ್ದು 55. ಒಟ್ಟು 76. ಆಗ ಜರ್ಮನಿಯ ಒಂದು ಸರದಿಯ ಆದಾಯ 42 ಇತ್ತು. 21 ಹೋದರೆ ಅರ್ಧ ಸರದಿಯ ನಷ್ಟ, ಸುಧಾರಿಸಿಕೊಳ್ಳಬಹುದು. 76 ಹೋದರೆ ಹತ್ತಿರ ಹತ್ತಿರ ಎರಡು ಸರದಿ. ರಷ್ಯಾ ಕಳೆದುಕೊಂಡದ್ದು ಎಂಟು ಆಳು, 24 ಐಪಿಸಿ.

21 ದಾಳ ತೆಗೆದುಕೊಂಡದ್ದು. 55 ಭಾವ ತಾವೇ ತಟ್ಟೆಗೆ ಹಾಕಿದ್ದು. "ಈಗ ಒಳ್ಳೆಯದು ಬೀಳಲೇಬೇಕು" ಅನ್ನುವ ಮಾತಿನಲ್ಲಿ ಆ 55 ಹೋಯಿತು. ಹಿಂದಿನ ಸುತ್ತಿನಲ್ಲಿ ಏನು ಬಿತ್ತು ಅಂತ ದಾಳಕ್ಕೆ ಗೊತ್ತಿಲ್ಲ. ಹಿಂದಿನ ಬಾಕಿ ತೀರಿಸಬೇಕು ಅಂತ ಅದಕ್ಕೆ ಇಲ್ಲ.

ನಾವು ಮಾಡಿ ನೋಡಿದ ಬದಲಾವಣೆಗಳು

ಈ ಲೆಕ್ಕ ನಾನು ಮಾಡಿದ್ದು ಆಮೇಲೆ. ಅದಕ್ಕೆ ಮೊದಲು, ಜಗಳದ ಬಿಸಿಯಲ್ಲಿ, ಎಲ್ಲರಿಗೂ ಅನ್ನಿಸಿದ್ದು ಒಂದೇ: ದಾಳವನ್ನು ಕಟ್ಟಿಹಾಕಬೇಕು. ಹಾಗಾಗಿ ಎರಡು ವಾರ ಭಾವ ಇಲ್ಲದೆ, ನಂತರ ಅವರನ್ನೂ ಕರೆದು, ಅದೇ ಕರೇಲಿಯಾ ಕಾಳಗವನ್ನು ಬೇರೆ ಬೇರೆ ನಿಯಮದಲ್ಲಿ ಆಡಿ ನೋಡಿದೆವು.

ಮೊದಲು 'ಲೋ ಲಕ್'. ಈ ಆಟ ಆಡುವವರಲ್ಲಿ ಬಹಳ ಕಾಲದಿಂದ ಇರುವ ಪದ್ಧತಿ. ಒಟ್ಟು ಅಂಕವನ್ನು ಆರರಿಂದ ಭಾಗಿಸುವುದು. ಬಂದಷ್ಟು ಏಟು ಖಚಿತ. ಉಳಿದ ಶೇಷಕ್ಕೆ ಮಾತ್ರ ಒಂದು ದಾಳ. ಭಾವನ 32ಕ್ಕೆ ಐದು ಏಟು ಖಚಿತ, ಶೇಷ ಎರಡು, ಅಂದರೆ ಒಂದು ದಾಳ ಎಸೆದು ಎರಡರ ಒಳಗೆ ಬಂದರೆ ಆರನೆಯದು. ಮಾಷ್ಟ್ರ 27ಕ್ಕೆ ನಾಲ್ಕು ಖಚಿತ, ಶೇಷ ಮೂರು. ಈ ನಿಯಮದಲ್ಲಿ ಎರಡೇ ಏಟು ಬೀಳುವುದು ಸಾಧ್ಯವೇ ಇಲ್ಲ. ಆಡಿದೆವು. ಮೂರೇ ಸುತ್ತಿಗೆ ರಷ್ಯಾ ಖಾಲಿ. ಜರ್ಮನಿಯ ಒಂದು ಫಿರಂಗಿ, ನಾಲ್ಕು ಟ್ಯಾಂಕ್, ಎರಡು ಫೈಟರ್ ಉಳಿಯಿತು.

ನನಗೆ ಸಮಾಧಾನ ಆಯಿತು. ಆಗ ಮಾಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ಈ ನಿಯಮ ಇದ್ದಿದ್ದರೆ ನಾನು ಕರೇಲಿಯಾದಲ್ಲಿ ಒಂಬತ್ತು ಆಳನ್ನು ಇಡುತ್ತಲೇ ಇರಲಿಲ್ಲ ಮಾರಾಯ. ಸಾಯುವುದು ಗ್ಯಾರಂಟಿ ಅಂತ ಗೊತ್ತಿದ್ದ ಮೇಲೆ ಯಾಕೆ ಇಡಬೇಕು?"

ಅದು ಸರಿಯಾದ ಮಾತು. ದಾಳ ತೆಗೆದರೆ ಕಾಳಗದ ಫಲ ಮಾತ್ರ ಬದಲಾಗುವುದಿಲ್ಲ, ಕಾಳಗವೇ ನಡೆಯುವುದಿಲ್ಲ. ನಂತರದ ಭಾನುವಾರ ಒಂದು ಪೂರ್ತಿ ಆಟವನ್ನು ಲೋ ಲಕ್‌ನಲ್ಲಿ ಆಡಿದಾಗ ಕಂಡದ್ದು ಅದೇ. ಎರಡೂ ಬದಿಯ ದೊಡ್ಡ ಸೈನ್ಯಗಳು ಎದುರುಬದುರು ನಿಂತವು. ಯಾರು ಮೊದಲು ಹೆಜ್ಜೆ ಇಟ್ಟರೂ ನಷ್ಟ ಎಷ್ಟು ಅಂತ ಮೊದಲೇ ಗೊತ್ತು. ಯಾರೂ ಇಡಲಿಲ್ಲ. ಸಣ್ಣ ಜಾಗಗಳಲ್ಲಿ ಇನ್ನೊಂದು ವಿಚಿತ್ರ. ಒಂಟಿ ಆಳು ಇರುವ ಜಾಗಕ್ಕೆ ಮೂರು ಆಳು, ಒಂದು ಫೈಟರ್ ಕಳಿಸಿದರೆ ಅಂಕ ಸರಿಯಾಗಿ ಆರು, ಒಂದು ಏಟು ಖಚಿತ. ಮಾಮೂಲಿ ದಾಳದಲ್ಲಾದರೆ ಆ ನಾಲ್ಕು ಕಾಯಿಗೆ ಮೊದಲ ಸುತ್ತಿನಲ್ಲಿ ಒಂದಾದರೂ ಏಟು ಬೀಳುವ ಸಾಧ್ಯತೆ ಶೇ 71 ಮಾತ್ರ. ಹೀಗಾಗಿ ಎಲ್ಲರೂ ಆರು, ಹನ್ನೆರಡು, ಹದಿನೆಂಟು ಅಂತ ಗುಂಪು ಕಟ್ಟತೊಡಗಿದರು. ಒಂದು ಸರದಿಗೆ ಅರ್ಧ ಗಂಟೆ. ಚಾವಡಿಯಲ್ಲಿ ಮಾತೇ ಇಲ್ಲ. ಅಕ್ಕನ ಮಗಳು ಫೋನ್ ತೆಗೆದು ಕೂತಳು.

ನಾನು ಕೇಳಿದೆ, "ಬೋರ್ ಆಯ್ತಾ?"

"ಇದು ಅಜ್ಜಿ ಜೊತೆ ಚೆನ್ನೆ ಆಡಿದ ಹಾಗೆ ಆಗ್ತದೆ ಮಾವ" ಅಂದಳು.

ಆ ಮನೆಯ ಅಟ್ಟದಲ್ಲಿ ಒಂದು ಚೆನ್ನೆಮಣೆ ಉಂಟು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ, ಒಟ್ಟು 56 ಕಾಯಿ. ಆಟಿ ತಿಂಗಳಲ್ಲಿ ಅಜ್ಜಿ ಅದನ್ನು ಇಳಿಸುತ್ತಿದ್ದರು. ಅದರಲ್ಲಿ ದಾಳವೂ ಇಲ್ಲ, ಅದೃಷ್ಟವೂ ಇಲ್ಲ. ಅಜ್ಜಿ ಕಾಯಿ ಹಿಡಿದ ಕ್ಷಣದಲ್ಲೇ ಎಲ್ಲಿ ಮುಗಿಯುತ್ತದೆ ಅಂತ ಲೆಕ್ಕ ಮುಗಿಸಿರುತ್ತಿದ್ದರು. ನಾವು ಮಕ್ಕಳು ಒಂದು ಸಲವೂ ಗೆದ್ದವರಲ್ಲ. ಚೆನ್ನೆ ಚಂದದ ಆಟ, ಹತ್ತು ನಿಮಿಷದಲ್ಲಿ ಸೋತು ಮತ್ತೆ ಶುರು ಮಾಡಬಹುದು. ಆದರೆ ಮೂರು ಭಾನುವಾರ ಹಿಡಿಯುವ ಆಟದಲ್ಲಿ ಮೊದಲ ಗಂಟೆಗೇ ಸೋಲು ಗೊತ್ತಾಗಿಬಿಟ್ಟರೆ ಉಳಿದ ಹೊತ್ತು ಯಾಕೆ ಕೂರಬೇಕು? ಅವಳಿಗೆ ಮಾಷ್ಟ್ರನ್ನು ಒಮ್ಮೆ ಬೆಚ್ಚಿಬೀಳಿಸುವ ಅವಕಾಶ ಕೊಡುತ್ತಿದ್ದದ್ದು ದಾಳ. ಅದನ್ನು ನಾವು ಕಿತ್ತುಕೊಂಡಿದ್ದೆವು.

ಆಮೇಲೆ ಅನುಪಾತದ ಕೋಷ್ಟಕ. ಇದು ಅಮೆರಿಕದಲ್ಲಿ ಚಾರ್ಲ್ಸ್ ರಾಬರ್ಟ್ಸ್ 1954ರ 'ಟ್ಯಾಕ್ಟಿಕ್ಸ್' ಆಟದಿಂದ ಬಳಕೆಗೆ ತಂದ ದಾರಿ. ದಾಳಿಯ ಬಲವನ್ನು ತಡೆಯ ಬಲಕ್ಕೆ ಹೋಲಿಸಿ 1ಕ್ಕೆ 1, 2ಕ್ಕೆ 1, 3ಕ್ಕೆ 1 ಅಂತ ಸಾಲು. ಒಂದೇ ದಾಳ ಎಸೆದು ಆ ಸಾಲಿನಲ್ಲಿ ಫಲ ನೋಡುವುದು. ತಡೆದವರು ನಾಶ, ದಾಳಿ ಮಾಡಿದವರು ನಾಶ, ಎರಡೂ ಕಡೆ ಸಮ ನಷ್ಟ, ಹಿಂದೆ ಸರಿಯುವುದು, ಹೀಗೆ. ಮಾಷ್ಟ್ರು ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಕೋಷ್ಟಕ ಗೀಚಿದರು. ಇಂಥ ಆಟಗಳಲ್ಲಿ ಅನುಪಾತವನ್ನು ತಡೆಯುವವರ ಪರವಾಗಿ ಇಳಿಸುವುದು ವಾಡಿಕೆ. 32ಕ್ಕೆ 27 ಅಂದರೆ ಬರೀ 1ಕ್ಕೆ 1. 2ಕ್ಕೆ 1 ಆಗಬೇಕಾದರೆ 54 ಬೇಕು. 53 ಇದ್ದರೂ 27 ಇದ್ದರೂ ಒಂದೇ ಸಾಲು! ಮತ್ತೆ ಎಲ್ಲರೂ ಒಂದು ಅಂಕಕ್ಕಾಗಿ ಕಾಯಿ ಹುಡುಕುವುದು ಶುರು.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ನಾವು ಅದೃಷ್ಟ ಕಡಿಮೆ ಮಾಡಲು ಹೊರಟವರು ಒಂದೇ ದಾಳದ ಮೇಲೆ ಇಡೀ ಕಾಳಗ ಇಟ್ಟಿದ್ದೆವು. ದಾಳ ಜಾಸ್ತಿ ಇದ್ದರೆ ಅದೃಷ್ಟ ಜಾಸ್ತಿ ಅಂತ ಹೊರಗಿಂದ ನೋಡುವವರಿಗೆ ಅನ್ನಿಸುತ್ತದೆ. ನಿಜ ತದ್ವಿರುದ್ಧ. ಭಾವನ ಹದಿನಾರು ದಾಳಕ್ಕೆ ಸರಾಸರಿ 5.3, ಏರಿಳಿತ ಸುಮಾರು 1.8, ಅಂದರೆ ಸರಾಸರಿಯ ಮೂರನೇ ಒಂದು ಭಾಗ. ಅದೇ ಮಿಶ್ರಣದ ಸೈನ್ಯ ನಾಲ್ಕು ಪಟ್ಟು ಇದ್ದು 64 ದಾಳ ಎಸೆದರೆ ಸರಾಸರಿ 21.3, ಏರಿಳಿತ 3.6. ಆರನೇ ಒಂದು ಭಾಗ ಮಾತ್ರ. ತಟ್ಟೆ ತುಂಬ ದಾಳ ಎಸೆಯುವ ಆಟ ತಾನಾಗಿಯೇ ಸಮಕ್ಕೆ ಬರುತ್ತದೆ. ರಿಸ್ಕ್ ಆಡಿದವರಿಗೂ ಇದು ಗೊತ್ತು. 1957ರಲ್ಲಿ ಆಲ್ಬರ್ಟ್ ಲಾಮೊರಿಸ್ ತಂದ ಆ ಆಟದಲ್ಲಿ ಮೂರು ದಾಳ ಎರಡರ ಎದುರು ಬಿದ್ದಾಗ, ಸಮ ಬಿದ್ದರೆ ತಡೆಯುವವರಿಗೆ ಅನ್ನುವ ನಿಯಮ ಇದ್ದೂ, ದಾಳಿಯವರು ಎರಡನ್ನೂ ಹೊಡೆಯುವುದು ಶೇ 37.2, ಎರಡನ್ನೂ ಕಳೆದುಕೊಳ್ಳುವುದು ಶೇ 29.3, ಒಂದಕ್ಕೊಂದು ಹೋಗುವುದು ಶೇ 33.6. ವ್ಯತ್ಯಾಸ ಸಣ್ಣದು. ಆದರೆ ಐವತ್ತು ಸೈನ್ಯ ಇಟ್ಟುಕೊಂಡು ಎಸೆಯುತ್ತಾ ಹೋದರೆ ಆ ಸಣ್ಣದೇ ದೊಡ್ಡದಾಗುತ್ತದೆ.

ಮೂರನೆಯದು ಮಗಳ ಐಡಿಯ, ನನಗೆ ಬಹಳ ಇಷ್ಟವಾದದ್ದು. ದಾಳದ ಬದಲು ಎಲೆಗಳು. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ 36 ಎಲೆ ಮಾಡಿದಳು, ಒಂದರಿಂದ ಆರರವರೆಗೆ ಆರಾರು. ಕಲಸಿ ಎಳೆಯುವುದು, ಎಳೆದದ್ದನ್ನು ಬದಿಗಿಡುವುದು. ಕೆಟ್ಟದ್ದು ಮೊದಲೇ ಬಂದು ಹೋದರೆ ಉಳಿದ ಕಟ್ಟಿನಲ್ಲಿ ಒಳ್ಳೆಯದೇ ಜಾಸ್ತಿ. ಭಾವನ "ಈಗ ಬೀಳಲೇಬೇಕು" ಅನ್ನುವ ಮಾತು ಇಲ್ಲಿ ನಿಜ ಆಗುತ್ತದೆ. ಎರಡು ಕಾಳಗ ಚೆನ್ನಾಗಿ ನಡೆಯಿತು. ಮೂರನೆಯದರಲ್ಲಿ ಮಾಷ್ಟ್ರು "ಇನ್ನು ಕಟ್ಟಿನಲ್ಲಿ ಒಂದೂ ಒಂದು ಇಲ್ಲ, ಆಳಿನ ದಾಳಿ ಬೇಡ" ಅಂದುಬಿಟ್ಟರು. ನಲವತ್ತು ವರ್ಷ 'ಇಪ್ಪತ್ತೆಂಟು' ಅನ್ನುವ ಇಸ್ಪೀಟಾಟ ಆಡಿದ ಕೈ ಅದು. ಯಾವ ಎಲೆ ಹೋಗಿದೆ, ಯಾವುದು ಉಳಿದಿದೆ ಅಂತ ಅವರಿಗೆ ಹೇಳಿಕೊಡಬೇಕಾ? ಮತ್ತೆ ಗೆಲುವು ಜ್ಞಾಪಕಶಕ್ತಿ ಇದ್ದವರಿಗೇ ಹೋಯಿತು.

ದಾಳವೇ ಇಲ್ಲದ ಡಿಪ್ಲೊಮಸಿಯ ನಿಯಮ ತರೋಣ ಅಂತ ನಾನು ಹೇಳಿದೆ. 1959ರ ಅಲನ್ ಕ್ಯಾಲಮರ್ ಅವರ ಆಟ. ಸಮ ಬಲ ಎದುರಾದರೆ ಯಾರೂ ಮುಂದೆ ಹೋಗುವುದಿಲ್ಲ, ಪಕ್ಕದವರ ಬೆಂಬಲ ಸಿಕ್ಕಿದವರು ಗೆಲ್ಲುತ್ತಾರೆ. ಅಕ್ಕ ಒಪ್ಪಲಿಲ್ಲ. ಅಲ್ಲಿ ಯಾರು ಯಾರ ಮಾತಿಗೆ ತಪ್ಪಿದರು ಅನ್ನುವುದೇ ಆಟ, ಒಂದೇ ಮನೆಯಲ್ಲಿ ಊಟ ಮಾಡುವವರಿಗೆ ಅದು ಬೇಡ ಅಂದಳು. ಅವಳು ಹೇಳಿದ್ದು ಸರಿ.

ಈ ಎಳೆದಾಟ ನಮ್ಮದಷ್ಟೇ ಅಲ್ಲ. ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಸೈನ್ಯದ ತರಬೇತಿಗೆ ಅಂತ ಕ್ರೀಗ್ಸ್‌ಪೀಲ್ ಮಾಡಿದಾಗ ಗುಂಡಿನ ಫಲವನ್ನು ದಾಳಕ್ಕೇ ಬಿಟ್ಟಿದ್ದರು. ನಿಜವಾದ ಯುದ್ಧದಲ್ಲೂ ಫಲ ಮೊದಲೇ ಗೊತ್ತಿರುವುದಿಲ್ಲವಲ್ಲ. 1876ರಲ್ಲಿ ಅದೇ ಸೈನ್ಯದ ವೆರ್ಡಿ ದು ವೆರ್ನ್ವಾ ದಾಳ, ಕೋಷ್ಟಕ ಎಲ್ಲ ಬದಿಗಿಟ್ಟು ಅನುಭವಿ ತೀರ್ಪುಗಾರರೇ ಫಲ ಹೇಳಲಿ ಅಂದರು. ನಮ್ಮಲ್ಲಿ ತೀರ್ಪು ಹೇಳಲು ಯೋಗ್ಯರು ಮಾಷ್ಟ್ರೊಬ್ಬರೇ. ಅವರೇ ರಷ್ಯಾ. ಹಾಗಾಗಿ ಅದು ಅಲ್ಲಿಗೇ ನಿಂತಿತು.

ನೋಟ್ ಪುಸ್ತಕ ಹಲಗೆಯ ಮೇಲೆ

ಇಷ್ಟೆಲ್ಲ ಆದ ಮೇಲೆ ನಾನು ಪುಸ್ತಕ ತೆರೆದು 21 ಮತ್ತು 55ರ ಲೆಕ್ಕವನ್ನು ಭಾವನ ಮುಂದಿಟ್ಟೆ. ಹೆದರಿಕೆ ಇತ್ತು. ಅಕ್ಕನ ಗಂಡ, ನನಗಿಂತ ಹನ್ನೆರಡು ವರ್ಷ ದೊಡ್ಡವರು. ತಪ್ಪು ತೋರಿಸಿದ ಹಾಗೆ ಆಗಬಾರದು. ಅದಕ್ಕೆ ಮೊದಲು ದಾಳಿಯ ಲೆಕ್ಕ ತೋರಿಸಿದೆ. "ಭಾವ, ನೀವು ನುಗ್ಗಿದ್ದು ಸರಿಯೇ. ಮೊದಲ ಸುತ್ತು ನಿಜವಾಗಿಯೂ ಅನ್ಯಾಯ. 175ಕ್ಕೆ ಒಂದು." ಅವರ ಮುಖ ಸ್ವಲ್ಪ ಸಡಿಲ ಆಯಿತು. ನಂತರ ಉಳಿದ ಮೂರು ಸುತ್ತಿನ ಸಾಲುಗಳ ಮೇಲೆ ಬೆರಳಿಟ್ಟೆ. ಅವರು ತಾವೇ ಓದಿದರು. ಎರಡು ಸಲ ಓದಿದರು.

"ಎರಡನೇ ಸುತ್ತಿನಿಂದ ಎಲ್ಲ ಸರಾಸರಿಯೇ ಉಂಟಲ್ಲ" ಅಂದರು.

ಮಾಷ್ಟ್ರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಿದರು. "ಧರ್ಮರಾಯನ ಅರ್ಥ ಹೇಳುವಾಗ ನಾನು ಯಾವಾಗಲೂ ಇದನ್ನೇ ಹೇಳುವುದು. ಶಕುನಿಯ ದಾಳ ಕೆಟ್ಟದ್ದು, ಒಪ್ಪಿದೆ. ಆದರೆ ರಾಜ್ಯ ಹೋದ ಮೇಲೆ ತಮ್ಮಂದಿರನ್ನು ಇಟ್ಟದ್ದು ದಾಳ ಅಲ್ಲ."

ಭಾವ ಉತ್ತರ ಕೊಡಲಿಲ್ಲ. ಸಿಟ್ಟೂ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಹಾಗಾದರೆ ಆ ಹೊತ್ತಿಗೆ ಗೊತ್ತಾಗುವುದು ಹೇಗೆ? ದಾಳ ಕೈಯಲ್ಲಿ ಇರುವಾಗ ಯಾರಿಗೆ ಲೆಕ್ಕ ಬರುತ್ತದೆ?"

ನಮಗೆ ಬೇಕಾದ ಪ್ರಶ್ನೆ ಅದೇ ಆಗಿತ್ತು. ನಾವು ಇಷ್ಟು ದಿನ ದಾಳ ಹೇಗೆ ಬೀಳಬೇಕು ಅಂತ ನಿಯಮ ಬದಲಿಸುತ್ತಿದ್ದೆವು. ಬಿದ್ದ ಮೇಲೆ ಏನು ಅನ್ನುವುದನ್ನು ಮುಟ್ಟಿಯೇ ಇರಲಿಲ್ಲ. ಹಿಂದೆ ಸರಿಯುವ ನಿಯಮ ಪೆಟ್ಟಿಗೆಯಲ್ಲಿ ಮೊದಲಿನಿಂದಲೂ ಇತ್ತು. ಈ ಆಟದಲ್ಲಿ ಆಳಿನ ತಡೆ 2, ದಾಳಿ 1. ದಾಳದಲ್ಲಿ ತಡೆಯುವವರಿಗೆ ಲಾಭ. ಅದಕ್ಕೆ ಸರಿದೂಗಿಸಲು ದಾಳಿಯವರಿಗೆ ಸಿಕ್ಕಿದ್ದೇ ನಿಲ್ಲಿಸುವ ಹಕ್ಕು. ಅದನ್ನು ಬಳಸದೆ ಆಡುವುದು ಅಂದರೆ ಅರ್ಧ ಸೈನ್ಯವನ್ನು ಮನೆಯಲ್ಲಿ ಬಿಟ್ಟು ಬಂದ ಹಾಗೆ.

ಆ ಸಂಜೆ ಎರಡು ಪದ್ಧತಿ ಮಾಡಿಕೊಂಡೆವು. ಹತ್ತು ದಾಳಕ್ಕಿಂತ ದೊಡ್ಡ ಕಾಳಗಕ್ಕೆ ಹೊರಡುವ ಮೊದಲು ದಾಳಿಯವರು ಒಂದು ಚೀಟಿಯಲ್ಲಿ ಬರೆದು ಹಾಳೆಯ ತಟ್ಟೆಯ ಅಡಿಗೆ ಇಡಬೇಕು: ಎಷ್ಟು ಹೋದರೆ ವಾಪಸ್. ಸುತ್ತು ಮುಗಿದ ಮೇಲೆ ದಾಳ ತಟ್ಟೆಯಲ್ಲೇ ಇರಬೇಕು, ಎರಡೂ ಬದಿಯ ಅಂಕ ಕೂಡಿಸಿ ಗಟ್ಟಿಯಾಗಿ ಹೇಳಿದ ಮೇಲೆಯೇ ಮುಟ್ಟಬಹುದು. ಚೀಟಿ ಮೀರಿ ಹೋಗುವುದಕ್ಕೆ ತಡೆ ಇಲ್ಲ. ರಾಜಧಾನಿ ಹಿಡಿಯುವ ಕೊನೆಯ ಕಾಳಗದಲ್ಲಿ ಎಲ್ಲವನ್ನೂ ಪಣಕ್ಕಿಡುವುದೇ ಸರಿ ಇರಬಹುದು. ಆದರೆ ಮೀರುವುದಾದರೆ ಚೀಟಿ ತೆಗೆದು ಎಲ್ಲರ ಮುಂದೆ ಓದಿ ಮೀರಬೇಕು. ದಾಳದ ನಿಯಮ ಪೆಟ್ಟಿಗೆಯಲ್ಲಿ ಇದ್ದ ಹಾಗೆಯೇ ಉಳಿಯಿತು. ಲೋ ಲಕ್ ಬೇಡ, ಎಲೆ ಬೇಡ, ಕೋಷ್ಟಕ ಬೇಡ ಅಂತ ಐವರೂ ಒಪ್ಪಿದರು. ಮೊದಲು ಒಪ್ಪಿದ್ದು ಭಾವ.

ಈ ಪದ್ಧತಿಯಿಂದ ಆಟ ಸ್ವಲ್ಪ ನಿಧಾನ ಆಗಿದೆ. ಒಂದು ಕಾಳಗಕ್ಕೆ ಎರಡು ಮೂರು ನಿಮಿಷ ಜಾಸ್ತಿ. ನನಗೆ ಅದರಲ್ಲಿ ಬೇಸರ ಇಲ್ಲ. ಅಂಕ ಗಟ್ಟಿಯಾಗಿ ಹೇಳುವ ಆ ನಿಮಿಷದಲ್ಲಿ ಎಲ್ಲರೂ ಹಲಗೆಯ ಮೇಲೆ ಬಗ್ಗುತ್ತಾರೆ. ಮಗಳು ಈಗ ಮಾಷ್ಟ್ರಿಗಿಂತ ಮೊದಲು ಕೂಡಿಸಿ ಮುಗಿಸುತ್ತಾಳೆ.

ಹೊಸ ಆಟದ ಎರಡನೇ ಭಾನುವಾರ ಭಾವ ಮತ್ತೆ ಕರೇಲಿಯಾಕ್ಕೆ ಹೊರಟರು. ಹೆಚ್ಚುಕಡಿಮೆ ಅಷ್ಟೇ ಸೈನ್ಯ. ಚೀಟಿ ಬರೆದು ಮಡಚಿ ತಟ್ಟೆಯ ಅಡಿಗೆ ಇಟ್ಟರು. ಮೊದಲ ಸುತ್ತು ಮತ್ತೆ ಕೆಟ್ಟದ್ದು. ಹಿಂದಿನಷ್ಟು ಅಲ್ಲ, ಆದರೂ ಮೂರೇ ಏಟು. ಮಾಷ್ಟ್ರಿಗೆ ಆರು. ಯಾರೂ ಮಾತಾಡಲಿಲ್ಲ. ಮಾಡಿನಿಂದ ಅಂಗಳಕ್ಕೆ ನೀರು ಬೀಳುವ ಸದ್ದು ಮಾತ್ರ. ಮಗಳು ಅಂಕ ಕೂಡಿಸಿ ಹೇಳಿದಳು. ಭಾವ ತಟ್ಟೆ ಎತ್ತಿ ಚೀಟಿ ಬಿಡಿಸಿದರು. ಪೆನ್ಸಿಲಿನಲ್ಲಿ ಬರೆದಿತ್ತು: "6 ಆಳು ಹೋದರೆ ವಾಪಸ್."

ಅವರು ಟ್ಯಾಂಕುಗಳನ್ನು ಒಂದೊಂದಾಗಿ ಬಾಲ್ಟಿಕ್‌ಗೆ ಎಳೆದರು. ನಂತರ ಫಿರಂಗಿ, ಉಳಿದ ಎರಡು ಆಳು. ವಿಮಾನಗಳನ್ನು ಬರ್ಲಿನ್‌ನಲ್ಲಿ ಇಳಿಸಿದರು. ಮಾಷ್ಟ್ರಿಗೆ ಬೇಸರ ಆದದ್ದು ಮುಖದಲ್ಲೇ ಕಾಣುತ್ತಿತ್ತು. ಅವರು ಇನ್ನೊಂದು ಸುತ್ತಿಗೆ ಕಾಯುತ್ತಿದ್ದರು.

ಆ ಆಟ ಇನ್ನೂ ಮುಗಿದಿಲ್ಲ. ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತು. ಕೊಳೆರೋಗಕ್ಕೆ ಮದ್ದು ಬಿಡಲು ಇಷ್ಟು ಹೊತ್ತು ಸಿಕ್ಕಿದ್ದೇ ಹೆಚ್ಚು. ಭಾವ ಮದ್ದು ಬಿಡುವವರನ್ನು ಕರೆದುಕೊಂಡು ತೋಟಕ್ಕೆ ಹೋದರು. ಹಲಗೆಯ ಮೇಲೆ ಅಕ್ಕ ಒಂದು ಹಳೆಯ ಸೀರೆ ಹೊದಿಸಿದ್ದಾಳೆ. ಅದರ ಅಡಿಯಲ್ಲಿ ನಾಲ್ಕು ಟ್ಯಾಂಕ್ ಬಾಲ್ಟಿಕ್‌ನಲ್ಲಿ ನಿಂತಿವೆ. ಸರದಿ ನನ್ನದು, ಬ್ರಿಟನ್‌ನದ್ದು.